ಚಮನಬೀಯ ಬರಿಗೈ

ಚಮನಬೀಯ ಕೈಯಲ್ಲಿ ಬಳೆ ಇರಲಿಲ್ಲ.

ಅದಕ್ಕೇನೀಗ ಎಂದು ಕೇಳುವವರು ರಂಗಂಪೇಟೆಯವರಾಗಿರಲಿಕ್ಕಿಲ್ಲ. ಬಳೆಗಾರ ನಸೀರುದ್ದೀನನ ಹೆಂಡತಿ ಆಕೆ. ಐವತ್ತು ವರ್ಷದ ಹತ್ತಿರ ಹತ್ತಿರ ಆ ಕೈಗಳನ್ನು ಯಾರೂ ಬರಿದಾಗಿ ಕಂಡವರಿಲ್ಲ. ಅದಿರಲಿ, ನಸೀರುದ್ದೀನ ಇನ್ನೂ ಉಸಿರಾಡುತ್ತಿದ್ದ. ಆ ಬರಿಗೈಗಳ ಪಕ್ಕದಲ್ಲೇ, ಹೊರಸಿನ ಮೇಲೆ, ಚೈತ್ರದ ಉರಿಬಿಸಿಲಿನಲ್ಲೂ ಕುತ್ತಿಗೆಯವರೆಗೆ ಚಾದರ ಹೊದ್ದು ಮಲಗಿದ್ದ.

ಶಹಾಪುರದಿಂದ ಮೊದಲ ಬಸ್ಸಿಗೆ ಬಂದಿಳಿದ ಮಗಳು ಫಿರ್ದೌಸ್ ಹೊಸ್ತಿಲಲ್ಲೇ ನಿಂತುಬಿಟ್ಟಳು. ಹಿಂದಿನ ಸಂಜೆ ತಮ್ಮ ಹಾಶಿಮ ಫೋನು ಮಾಡಿ, ಅಬ್ಬಾನ ಮಾತು ನಿಂತಿದೆ ಎಂದಿದ್ದ. ದಾರಿಯುದ್ದಕ್ಕೂ ಅಪ್ಪನ ಮುಖ ನೋಡಿ ಅಳುವುದಕ್ಕೆ ಸಿದ್ಧಳಾಗಿಯೇ ಬಂದಿದ್ದಳು. ಆದರೆ ಕಣ್ಣು ಬಿದ್ದದ್ದು ಅಮ್ಮನ ಮಣಿಕಟ್ಟಿನ ಮೇಲೆ. ಬಳೆ ಕೂತು ಕೂತು ಬೆಳ್ಳಗಾದ ಚರ್ಮ ಅಲ್ಲಿ ಪಟ್ಟಿಯಂತೆ ಕಾಣುತ್ತಿತ್ತು.

"ಅಮ್ಮೀ, ಕೈಯಾಗಿನ ಬಳಿ ಎಲ್ಲಿ?"

ಚಮನಬೀ ಸೆರಗೆಳೆದು ಕೈ ಮುಚ್ಚಿಕೊಂಡಳು. "ನಿಮ್ಮ ಅಬ್ಬಾ ತೆಗದ್ರು."

"ಯಾವ ಅಬ್ಬಾ? ಈ ಅಬ್ಬಾ?"

ಫಿರ್ದೌಸ್ ಹೊರಸಿನ ಕಡೆ ನೋಡಿದಳು. ಹೊಟ್ಟೆಯಲ್ಲಿ ಗಡ್ಡೆ ಬೆಳೆದು, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರರು ಕಳಿಸಿಕೊಟ್ಟ ಮನುಷ್ಯ. ಚಮಚೆಯಿಂದ ನೀರು ಬಿಟ್ಟರೆ ಅರ್ಧ ಗದ್ದಕ್ಕೇ ಇಳಿಯುತ್ತಿತ್ತು. ಈತ ಎದ್ದು ಕೂತು ಹೆಂಡತಿಯ ಕೈಬಳೆ ಬಿಚ್ಚಿದನಂತೆ. ಸುಳ್ಳು ಹೇಳುವುದಾದರೆ ನಂಬುವಂಥದ್ದನ್ನಾದರೂ ಹೇಳಬಾರದೆ ಅಮ್ಮ, ಎಂದುಕೊಂಡಳು ಫಿರ್ದೌಸ್. ಹಾಗೆ ಅಂದುಕೊಂಡದ್ದಕ್ಕೆ ತಕ್ಷಣವೇ ನಾಚಿಕೆಯಾಯಿತು.

"ಆತು, ಅಬ್ಬಾನೇ ತೆಗದಾರ. ಬಳಿ ಎಲ್ಲಿ ಅದಾವ? ತೋರಸು."

ಚಮನಬೀ ಗಂಡನ ಚಾದರದ ಅಂಚನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಸರಿಪಡಿಸಿದಳು.

ಈ ಮಾತನ್ನು ಮಗಳು ಯಾಕೆ ನಂಬಲಿಲ್ಲ ಎನ್ನುವುದು ತಿಳಿಯಬೇಕಾದರೆ ನಸೀರುದ್ದೀನ ಎಂಥವನೆಂದು ತಿಳಿಯಬೇಕು. ಅವನ ಹುಟ್ಟೂರು ಯಾದಗಿರಿ. ಅಪ್ಪ ತೀರಿದ ಮೇಲೆ ಚಿಕ್ಕಪ್ಪನ ಕೈಕೆಳಗೆ ಬಳೆಗಾರಿಕೆ ಕಲಿತ. ಹಗ್ಗಕ್ಕೆ ಪೋಣಿಸಿದ ಬಳೆಯ ಮಲಾರವನ್ನು ಹೆಗಲಿಗೇರಿಸಿ ಹತ್ತಿಕುಣಿ, ಅಬ್ಬೆತುಮಕೂರು ಎಂದು ಸುತ್ತುಮುತ್ತಲ ಹಳ್ಳಿಗಳನ್ನೆಲ್ಲ ಕಾಲಲ್ಲೇ ಅಳೆದ. ಹತ್ತಿಕುಣಿಯಲ್ಲಿ ಒಂದು ಮದುವೆ ಮನೆ. ಮದುಮಗಳಿಗೆ ಚಿಕ್ಕಪ್ಪ ಬಳೆ ಇಡುತ್ತಿದ್ದರೆ, ಮದುಮಗಳ ತಂಗಿಗೆ ಇಡುವ ಕೆಲಸ ಈ ಹುಡುಗನ ಪಾಲಿಗೆ ಬಂತು. ಆ ತಂಗಿಯೇ ಚಮನಬೀ. ತುಂಟಿ. ಬಳೆ ಗೆಣ್ಣಿಗೆ ಬರುತ್ತಲೇ ಬೇಕೆಂದೇ ಮುಷ್ಟಿ ಬಿಗಿ ಹಿಡಿಯುವಳು. ಒಂದು ಒಡೆಯಿತು, ಎರಡು ಒಡೆದವು, ಮೂರನೆಯದಕ್ಕೆ ಚಿಕ್ಕಪ್ಪ ಎಲ್ಲರೆದುರೇ ಅವನ ಕಿವಿ ಹಿಂಡಿದ. ಹುಡುಗ ತಲೆ ತಗ್ಗಿಸಿಕೊಂಡೇ ಅವಳಿಗಷ್ಟೇ ಕೇಳುವಂತೆ ಹೇಳಿದ: "ಕೈ ಸಡ್ಲ ಬಿಡು. ನಾ ನಿನ್ನ ಕೈ ಮುರ್ಯಾಕ ಬಂದಿಲ್ಲ."

ಈ ಕತೆಯನ್ನು ಚಮನಬೀ ಪ್ರತಿ ರಂಜಾನ್ ಹಬ್ಬದ ಹಿಂದಿನ ದಿನ ಮಕ್ಕಳಿಗೆ ಹೇಳಲೇಬೇಕು. ಆ ದಿನ ಅವಳ ಬಳೆ ಬದಲಿಸುವ ದಿನ. "ಅವತ್ತ ಸಡ್ಲ ಬಿಟ್ಟ ಕೈ, ಇನ್ನೂ ಬಿಗಿ ಆಗಿಲ್ಲ ನೋಡ್ರಿ," ಎಂದು ಮುಗಿಸುವಳು. ನಸೀರುದ್ದೀನ ಬೀಡಿಯ ನೆಪ ಮಾಡಿಕೊಂಡು ಹೊರಗೆ ಎದ್ದು ಹೋಗುವನು. ಬೀಡಿ ಬಿಟ್ಟ ಮೇಲೂ ಅದೇ ನೆಪ ಹೇಳುತ್ತಿದ್ದ.

ಮದುವೆಯಾದ ಮೇಲೆ ಇಬ್ಬರೂ ಸುರಪುರದ ರಂಗಂಪೇಟೆಗೆ ಬಂದು, ಮನೆಯ ಮುಂದಿನ ಪಡಸಾಲೆಯಲ್ಲೇ ಅಂಗಡಿ ಹಾಕಿದರು. ಮನೆಯೊಳಗೆ ದಖ್ಖನಿ, ಅಂಗಡಿಯಲ್ಲಿ ಕನ್ನಡ, ಗಂಡ ಹೆಂಡಿರ ಜಗಳ ಎರಡರಲ್ಲೂ. ಸುರಪುರದ ಪೇಟೆಯ ಹೆಂಗಸರು ಯಾವ ಜಾತಿಯವರಾದರೂ ಬಳೆಗೆ ನಸೀರುದ್ದೀನನ ಕೈಯೇ ಬೇಕು ಎನ್ನುತ್ತಿದ್ದರು. ಅವನ ಕೈಯಲ್ಲಿ ಗಾಜು ಒಡೆಯುವುದಿಲ್ಲ, ಚರ್ಮ ಗೀರುವುದಿಲ್ಲ ಎಂಬ ಹೆಸರು. ಬಳೆ ಇಟ್ಟು ಮುಗಿದ ಮೇಲೆ ಮಣಿಕಟ್ಟಿಗೆ ಎರಡೂ ಕೈ ಮುಟ್ಟಿಸಿ ಸಲಾಮು ಮಾಡುವನು. ಅವನಿಗೆ ಎರಡು ಕಟ್ಟಳೆ ಇದ್ದವು. ಬಳೆ ಬದಲಿಸುವಾಗ ಕಡೆಯ ಹಳೆಯ ಬಳೆಯನ್ನು, ಹೊಸದೊಂದು ಏರುವವರೆಗೆ ತೆಗೆಯುತ್ತಿರಲಿಲ್ಲ. ಹೆಣ್ಣಿನ ಕೈ ಒಂದು ಗಳಿಗೆಯೂ ಬರಿದಾಗಬಾರದು. ಇನ್ನೊಂದು, ತೆಗೆದ ಬಳೆಯನ್ನು ನೆಲಕ್ಕಿಡುತ್ತಿರಲಿಲ್ಲ. ತನ್ನ ಎಡಗೈಯ ಬೆರಳುಗಳಿಗೆ ಏರಿಸಿಕೊಂಡೇ ಮುಂದಿನದಕ್ಕೆ ಕೈ ಹಾಕುವನು.

"ಊರ ಹೆಂಗಸರ ಕೈಯೆಲ್ಲಾ ಹಿಡದ ಬಂದ್ರಲ್ಲ, ಈಗೊಂದಿಷ್ಟು ಕೊಡಪಾನ ಹಿಡೀರಿ," ಎಂದು ಚಮನಬೀ ಸಂಜೆಗೆ ಕೆಣಕುವಳು. ಅವನು ನಿಜವಾಗಿಯೂ ಹಿಡಿಯುವನು. ನಲ್ಲಿಯಿಂದ ಎರಡೂ ಕೈಯಲ್ಲಿ ಕೊಡಪಾನ ಹೊತ್ತು ಓಣಿಯುದ್ದ ಬರುತ್ತಿದ್ದ. ಅದನ್ನು ನೋಡಿ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಒಬ್ಬ, "ಬಳಿ ಮಾರಿ ಮಾರಿ, ಇನ್ನ ತಾನ ಬಳಿ ಇಟ್ಕೊಳ್ಳೂದೊಂದ ಬಾಕಿ ಉಳದೈತಿ ಇವಗ," ಎಂದ. ಹತ್ತು ಮಂದಿ ನಕ್ಕರು. ಗಂಡಸಿಗೆ ಇದಕ್ಕಿಂತ ಕೆಟ್ಟ ಬೈಗುಳ ನಮ್ಮ ಕಡೆ ಇನ್ನೊಂದಿಲ್ಲ. ಜನ್ಮದಲ್ಲಿ ಸಿಟ್ಟು ಮಾಡದ ನಸೀರುದ್ದೀನ ಅವತ್ತು ಚಹಾದ ಗ್ಲಾಸನ್ನು ಗೋಡೆಗೆ ಬೀಸಿ ಒಗೆದು ಮನೆಗೆ ಬಂದ. ಉಣ್ಣಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ ಅವನ ಬೆನ್ನು ಅಲುಗುವುದನ್ನು ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಫಿರ್ದೌಸ್ ಕಂಡಿದ್ದಳು. ಚಮನಬೀ ಅವನ ಬೆನ್ನ ಮೇಲೆ ಕೈಯಿಟ್ಟು ಕೂತೇ ಇದ್ದಳು. ಮಾರನೆಯ ದಿನ ಅವನು ಮತ್ತೆ ಕೊಡಪಾನ ಹೊತ್ತ. ಅವಳು ಮಾತ್ರ ಆ ಹೋಟೆಲಿನ ಕಡೆಯಿಂದ ಯಾರೇ ಬಂದರೂ ಅಂಗಡಿ ಮೆಟ್ಟಿಲು ಹತ್ತಗೊಡಲಿಲ್ಲ.

ಇನ್ನೊಂದು ಸಂಗತಿ. ಚಮನಬೀಗೆ ಗರ್ಭಕೋಶದ ಆಪರೇಷನ್ ಆದದ್ದು ಯಾದಗಿರಿಯಲ್ಲಿ. ಒಳಗೆ ಕರೆದೊಯ್ಯುವ ಮುಂಚೆ ಮೈಮೇಲಿನದೆಲ್ಲ ತೆಗೆಯಿರಿ ಎಂದಳು ನರ್ಸು. ನಸೀರುದ್ದೀನ ಆಕೆಯನ್ನು ನಿಲ್ಲಿಸಿ, ಜೇಬಿನಿಂದ ಹಸಿರು ದಾರ ತೆಗೆದು ಹೆಂಡತಿಯ ಎರಡೂ ಮಣಿಕಟ್ಟಿಗೆ ಕಟ್ಟಿ, ಆಮೇಲೆ ಬಳೆ ತೆಗೆದ. "ನಾ ಇರೂತನಕ ಈ ಕೈ ಬರಿದ ಆಗಬಾರದ್ರಿ ಸಿಸ್ಟರ್," ಎಂದ. ನರ್ಸು ನಕ್ಕಳು, ಸ್ಟ್ರೆಚರ್ ತಳ್ಳುವವನೂ ನಕ್ಕ. ಫಿರ್ದೌಸ್ ಈ ಮಾತನ್ನು ತನ್ನ ಗಂಡನಿಗೆ ಹೇಳದ ವರ್ಷವಿಲ್ಲ. ಸಣ್ಣ ಜಗಳವಾದರೂ ಸಾಕು, "ನಮ್ಮ ಅಬ್ಬಾನ್ನ ನೋಡಿ ಕಲೀರಿ," ಎನ್ನುವಳು. ಆ ಬಡಪಾಯಿಗೆ ಮಾವನೆಂದರೆ ಪ್ರೀತಿಗಿಂತ ಹೆದರಿಕೆಯೇ ಹೆಚ್ಚು.

ಅಂಥ ಮನುಷ್ಯ ಬದುಕಿರುವಾಗಲೇ ಆ ಕೈ ಬರಿದಾಗಿತ್ತು.

ಫಿರ್ದೌಸ್ ಕಸಬರಿಗೆ ತೆಗೆದುಕೊಂಡು ಮನೆ ಗುಡಿಸಿದಳು. ಗುಡಿಸುವ ನೆಪದಲ್ಲಿ ಹುಡುಕಿದ್ದು ಗಾಜಿನ ಚೂರು. ಹೊರಸಿನ ಕೆಳಗೆ, ಅಡುಗೆಮನೆಯ ಮೂಲೆ, ಹಿತ್ತಲ ಬಚ್ಚಲು, ಎಲ್ಲಿಯೂ ಒಂದು ತುಣುಕಿಲ್ಲ. ಸಂಧಿವಾತದಿಂದ ಚಮನಬೀಯ ಬೆರಳ ಗೆಣ್ಣುಗಳು ಬಾತು, ಗಂಟು ಗಂಟಾಗಿ ಹತ್ತಾರು ವರ್ಷವಾಗಿತ್ತು. ಅಬ್ಬಾನ ಹೊರತು ಬೇರೆ ಯಾರಿಗೂ ಒಡೆಯದೆ ಆ ಬಳೆ ತೆಗೆಯುವುದು ಸಾಧ್ಯವಿಲ್ಲ. ಒಡೆದಿದ್ದರೆ ಮೈಮೇಲೆ ಗೀರಾದರೂ ಇರಬೇಕಿತ್ತು. ಅಮ್ಮನ ಕೈಮೇಲೆ ಗೀರೂ ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಗೊಲ್ಲಾಳಮ್ಮ ರೋಗಿಗೆಂದು ಗಂಜಿ ತಂದಳು. ತಟ್ಟೆ ಇಸಿದುಕೊಳ್ಳಲು ಚಮನಬೀ ಕೈ ಚಾಚಿದಳು ನೋಡಿ, ಗೊಲ್ಲಾಳಮ್ಮನ ಕೈ ಬಾಯಿಗೆ ಹೋಯಿತು.

"ಅಯ್ಯ ನಮ್ಮವ್ವ! ಏನ ಮಾಡ್ಕೊಂಡಿ ಚಮನಬೀ? ಸಾವ್ಕಾರ್ರು ಇನ್ನೂ ಅದಾರಲ್ಲ!"

"ಅದಾರ, ಅದಕ್ಕ ಗಂಜಿ ಕೊಡು," ಎಂದಳು ಚಮನಬೀ.

ಗೊಲ್ಲಾಳಮ್ಮ ಫಿರ್ದೌಸ್‌ಳನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದಳು. "ಮಂದಿ ನೋಡೂದ್ರಾಗ ಎರಡ ಬಳಿ ಇಟ್ಟಬಿಡವ್ವ. ನಾಳಿ ಹೆಚ್ಚು ಕಡಿಮಿ ಆತಂದ್ರ, ಈಕಿನ ಗಂಡನ್ನ ಕಳಿಸಿದ್ಲು ಅಂತಾರ. ನಾ ಅನ್ನೂದಿಲ್ಲ, ಊರು ಅಂತದ."

ಫಿರ್ದೌಸ್ ಅಂಗಡಿಯ ಡಬ್ಬಿಯಿಂದ ಹಸಿರು ಬಳೆ ತಂದು, ಅಮ್ಮನ ಕೈಗೆ ಸಾಬೂನು ಹಚ್ಚಿ ಏರಿಸಲು ಕೂತಳು. ಬಳೆಗಾರನ ಮಗಳಾದರೇನು, ಆ ಕೈಚಳಕ ಬಂದಿರಲಿಲ್ಲ. ಬಳೆ ಗೆಣ್ಣಿನ ಗಂಟಿಗೆ ಬಂದು ನಿಂತಿತು. ಒತ್ತಿದಳು. ಚಮನಬೀ ತುಟಿ ಕಚ್ಚಿದಳು. ಇನ್ನಷ್ಟು ಒತ್ತಿದಳು, ಚಟ್ಟೆಂದು ಎರಡಾಯಿತು. ಸಾಯುವವನ ಕಾಲಬುಡದಲ್ಲೇ ಬಳೆ ಒಡೆದಿತ್ತು. ಚಮನಬೀ ಸುಮ್ಮನೆ ಎರಡೂ ತುಂಡನ್ನು ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು.

"ಬಿಡು ಬೇಟಾ. ನಿಮ್ಮ ಅಬ್ಬಾನ ಕೈಗೆ ಬಿಟ್ರ ಈ ಕೈ ಯಾರಿಗೂ ಬಗ್ಗೂದಿಲ್ಲ."

ಮಧ್ಯಾಹ್ನಕ್ಕೆ ಯಾದಗಿರಿಯಿಂದ ಫುಪ್ಪು ಬಂದಳು. ನಸೀರುದ್ದೀನನ ಅಕ್ಕ ಖೈರೂನಬೀ, ಎಂಬತ್ತರ ಹತ್ತಿರದವಳು, ಕಿವಿ ಮಂದ, ಬಾಯಿ ಮಾತ್ರ ಚುರುಕು. ಮದುವೆಯಾಗಿ ಮೊಮ್ಮಕ್ಕಳಾದರೂ ತಮ್ಮನ ಹೆಂಡತಿಯನ್ನು ಇನ್ನೂ ಮದುಮಗಳೆಂಬಂತೆ "ದುಲ್ಹನ್" ಎಂದೇ ಕರೆಯುವಳು. ಆ ದುಲ್ಹನ್‌ಳ ಕೈ ನೋಡಿದ್ದೇ ತಡ, ಚಪ್ಪಲಿ ಬಿಡುವುದನ್ನೂ ಮರೆತಳು.

"ಹಾಯ್ ಅಲ್ಲಾ! ನನ್ನ ತಮ್ಮಗ ಉಸಿರೈತಿ, ಇವಳು ಗಂಡ ಸತ್ತ ಬೇವಾ ಆಗಿ ಕುಂತಾಳ! ಯಾರು ತೆಗದ್ರು?"

"ಅವರೇ ತೆಗದ್ರು ಆಪಾ."

"ಸುಳ್ಳ! ಅವನ ಬೆರಳಿಗಿ ಬಲ ಎಲ್ಲೈತಿ? ಬಳಿ ಎಲ್ಲಿ, ತೋರಸು!"

ಚಮನಬೀ ಗಂಡನ ಹಣೆಯ ಬೆವರನ್ನು ಒರೆಸುತ್ತ ಕೂತಳು. ಹಾಶಿಮ, "ಅಮ್ಮೀ, ಇಷ್ಟ ಝಳ ಐತಿ, ಚಾದರ ತೆಗಿ, ಮೈ ಒರಸ್ತೀನಿ," ಎಂದು ಬಂದರೆ ಅವನನ್ನೂ ತಡೆದಳು. "ನಾ ಒರಸ್ತೀನಿ. ಎಡಗೈಗಿ ಸಲಾಯಿನ್ ಸೂಜಿ ಚುಚ್ಚಿ ಬಾವು ಬಂದೈತಿ, ಮುಟ್ಟಬ್ಯಾಡ." ಚಾದರದ ಅಂಚಿನಲ್ಲಿ, ಎಡಗೈಗೆ ದಪ್ಪನೆಯ ಅರಿವೆ ಸುತ್ತಿದ್ದು ಕಂಡಿತು. ಅಮ್ಮನಿಗೆ ತಲೆ ಕೆಟ್ಟಿದೆಯೆ ಎಂದು ಫಿರ್ದೌಸ್‌ಗೆ ಮೊದಲ ಸಲ ನಿಜವಾದ ಭಯವಾಯಿತು. ಇಲ್ಲವೆ, ಅದಕ್ಕಿಂತ ಕೆಟ್ಟದ್ದು: ತಿಂಗಳುಗಟ್ಟಲೆ ಮಲ ಮೂತ್ರ ಬಾಚಿ ಬಾಚಿ ಸೋತು, ಮುಗಿದರೆ ಸಾಕು ಎಂದು ತಾನೇ ಬಳೆ ಒಡೆದುಕೊಂಡಳೆ? ತನ್ನ ಗಂಡನ ಮುಂದೆ ಇಷ್ಟು ವರ್ಷ ಮೆರೆಸಿದ ಈ ಜೋಡಿ ಇಷ್ಟೇನೆ? ಕೇಳಲೂ ಆಗದೆ ನುಂಗಲೂ ಆಗದೆ ಒದ್ದಾಡಿದಳು.

ಫುಪ್ಪುವಿನ ಎಲೆಯಡಿಕೆ ಚೀಲ ತೆಗೆದುಕೊಡಲು ಅವಳ ದೊಡ್ಡ ಚೀಲಕ್ಕೆ ಕೈ ಹಾಕಿದರೆ, ಸಿಕ್ಕಿದ್ದು ಬಿಳಿ ಸೀರೆ. ಮಡಿಕೆ ಬಿಚ್ಚದ ಹೊಸ ಸೀರೆ. ಗಂಡ ಸತ್ತವಳಿಗೆ ಹೊದಿಸುವಂಥದ್ದು. ತಮ್ಮನಿಗೆ ಉಸಿರಿದೆ ಎಂದು ಊರೆಲ್ಲ ಕೇಳುವಂತೆ ಕೂಗಿದ ಹಿರಿಯಳು, ಬರುವಾಗಲೇ ಅದನ್ನು ಕಟ್ಟಿಕೊಂಡು ಬಂದಿದ್ದಳು. ಫಿರ್ದೌಸ್ ಚೀಲದ ಬಾಯಿಯನ್ನು ಹಾಗೆಯೇ ಮುಚ್ಚಿದಳು. ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ.

ನಸೀರುದ್ದೀನ ಮಾರನೆಯ ದಿನ ಹೊತ್ತು ಮೂಡಿ ಬಿಸಿಲು ಅಂಗಳಕ್ಕಿಳಿದ ಮೇಲೆ ಹೋದ. ಚಮನಬೀ ಕಲ್ಮಾ ಹೇಳುತ್ತ ಚಮಚೆಯಲ್ಲಿ ನೀರು ಬಿಡುತ್ತಿದ್ದಳು. ಆ ನೀರು ಒಳಗಿಳಿಯಲಿಲ್ಲ. ಚಮಚೆ ಕೆಳಗಿಟ್ಟು, ಅಳುವ ಬದಲು ಅವಳು ಹೇಳಿದ ಮೊದಲ ಮಾತು ಎಲ್ಲರನ್ನೂ ಮತ್ತೆ ಗರ ಬಡಿಸಿತು.

"ಎಲ್ಲಾರೂ ಒಂದ ಗಳಿಗಿ ಹೊರಗ ಹೋಗ್ರಿ. ನಾ ಅವರ ಕೂಡ ಒಬ್ಬಾಕಿನ ಇರಬೇಕು."

"ಇನ್ನೇನ ಮಾಡಾಕ?" ಎಂದು ಫುಪ್ಪು ಗರ್ಜಿಸಿದಳು. "ಮಾಡಿದ್ದು ಸಾಲದೇನ? ಒಳಗ ಕರಕೊಂಡ ಹೋಗ್ರಿ ಇವಳ್ನ!"

"ಒಂದ ಗಳಿಗಿ ಆಪಾ, ಕಾಲಿಗಿ ಬೀಳ್ತೀನಿ."

ಹೆಂಗಸರು ಎರಡೂ ಕಡೆಯಿಂದ ಹಿಡಿದರು. ಒಂದು ರಟ್ಟೆ ಹಿಡಿದವಳು ಫಿರ್ದೌಸೇ. ಒಳಗಿನ ಕೋಣೆಗೆ ಹೋಗುವವರೆಗೂ ಚಮನಬೀ ತಿರುತಿರುಗಿ ಹೊರಸಿನ ಕಡೆಯೇ ನೋಡಿದಳು. ಫಿರ್ದೌಸ್ ಮಾತ್ರ ಅವಳ ಮುಖ ನೋಡಲಿಲ್ಲ.

ಒಳಗೆ ಫುಪ್ಪು ಚಮನಬೀಯ ಕೊರಳಿನ ಕರಿಮಣಿಯ ಲಚ್ಛಾ ಬಿಚ್ಚಿದಳು. ಆಮೇಲೆ ಬಳೆ ಒಡೆಯಬೇಕು. ಇದು ದೀನಿನಲ್ಲಿ, ಧರ್ಮದಲ್ಲಿ ಇಲ್ಲ, ಬರಿಯ ರಿವಾಜು ಎಂದು ಮಸೀದಿಯಲ್ಲಿ ಎಷ್ಟು ಹೇಳಿದರೂ ನಮ್ಮ ಹೆಂಗಸರು ಬಿಟ್ಟವರಲ್ಲ. ಅಡುಗೆಮನೆಯಿಂದ ಅರೆಯುವ ಗುಂಡುಕಲ್ಲು ಬಂತು. ಆದರೆ ಒಡೆಯಲು ಕೈಯಲ್ಲಿ ಏನಿದೆ? ಕಲ್ಲು ಹಿಡಿದವಳು ಪೆಚ್ಚಾಗಿ ನಿಂತಳು. ಯಾರೋ ಹೇಳಿದರು, "ರಿವಾಜಿಗಾದ್ರೂ ಒಂದ ಒಡೀರಿ. ಅಂಗಡ್ಯಾಗ ಬೇಕಾದಷ್ಟು ಅದಾವ."

"ಹೋಗು ಫಿರ್ದೌಸ್, ಒಂದ ತಗೊಂಬಾ," ಎಂದಳು ಫುಪ್ಪು.

ಫಿರ್ದೌಸ್ ಅಂಗಡಿಗೆ ಬಂದು ಡಬ್ಬಿಯ ಮುಚ್ಚಳ ತೆಗೆದಳು. ಕೈಯಲ್ಲಿ ಬಳೆ ಹಿಡಿದು ನಿಂತವಳಿಗೆ ಕಾಲು ಮುಂದಕ್ಕೆ ಬರಲಿಲ್ಲ. ಅಂಗಳದಲ್ಲಿ ಪರದೆ ಕಟ್ಟಿ, ಹಲಗೆಯ ಮೇಲೆ ಅಪ್ಪನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ನೀರು ಸುರಿಯುವ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಪರದೆ ಸರಿಸಿಕೊಂಡು ಹಾಶಿಮ ಹೊರಬಂದ. ಮೊಣಕೈವರೆಗೆ ಒದ್ದೆ. ಮುಖದಲ್ಲಿ ರಕ್ತವಿರಲಿಲ್ಲ.

"ಆಪಾ... ಅಬ್ಬಾನ ಕೈಯಾಗ ಬಳಿ ಅದಾವ."

"ಏನಂದಿ?"

"ಎಡಗೈಗಿ ಸುತ್ತಿದ ಅರಿವಿ ಬಿಚ್ಚಿದ್ವಿ. ಬಾವು ಗೀವು ಏನಿಲ್ಲ. ಒಳಗ ಅಮ್ಮೀನ ಬಳಿ. ಎಲ್ಲಾನೂ. ಒಂದೂ ಒಡದಿಲ್ಲ."

ಫಿರ್ದೌಸ್‌ಳ ಕೈಯಲ್ಲಿದ್ದ ಬಳೆ ಕೆಳಗೆ ಬಿದ್ದು ಉರುಳಿಕೊಂಡು ಹೋಯಿತು. ಪರದೆಯ ಆಚೆಯಿಂದ ಸ್ನಾನ ಮಾಡಿಸಲು ಬಂದಿದ್ದ ಹಿರಿಯ ಜಾಹೀದ್ ಸಾಬರ ದನಿ ಕೇಳಿತು. "ಕೈ ಸೆಟದಾವ ಬೇಟಾ. ಒಡದ ತೆಗೀಬೇಕಾಗ್ತದ."

"ಒಡೀಬ್ಯಾಡ್ರಿ!"

ಚಮನಬೀ ಹಿಡಿದವರನ್ನು ಕೊಡವಿಕೊಂಡು ಬಾಗಿಲಿಗೆ ಬಂದಿದ್ದಳು. ಹಿಂದೆ ಗುಂಡುಕಲ್ಲು ಹಿಡಿದವಳು, ಅವಳ ಹಿಂದೆ ಫುಪ್ಪು. ಚಮನಬೀ ಅಂಗಳದಲ್ಲೇ ಕುಸಿದು ಕೂತಳು.

"ಹೇಳಿದೆನಲ್ಲ, ಅವರೇ ತೆಗದ್ರು ಅಂತ," ಎಂದಳು. ಆಗ ಅವಳಿಗೆ ಅಳು ಬಂತು.

ಅವನು ಬಳೆ ತೆಗೆದದ್ದು ಮಾತು ನಿಲ್ಲುವ ಮುಂಚಿನ ಮಧ್ಯಾಹ್ನ. ಹಾಶಿಮ ಹೊರಗೆ ಹೋಗಿದ್ದ. ನಸೀರುದ್ದೀನ ಸಾಬೂನು ತಾ ಎಂದ. ಮುಖ ತೊಳೆಸಲು ಎಂದುಕೊಂಡು ತಂದಳು. ಅವನು ಅವಳ ಕೈ ಹಿಡಿದುಕೊಂಡ. "ಇವತ್ತ ನನ್ನ ಬೆರಳು ಆಡ್ತಾವ ಚಮನ್. ನಾಳಿ ಆಡೂದಿಲ್ಲ. ನಾ ಇಟ್ಟಿದ್ದು ನಾನ ತೆಗೀತೀನಿ. ಇನ್ನೊಬ್ರು ಯಾಕ ಒಡೀಬೇಕು?" ಎಂದ. ಅವಳು ಬೇಡ ಎಂದು ಅತ್ತಳು, ಮುಷ್ಟಿ ಬಿಗಿ ಹಿಡಿದಳು. ಅವನಿಗೆ ನಗು ಬಂತಂತೆ. "ಕೈ ಸಡ್ಲ ಬಿಡು. ನಾ ನಿನ್ನ ಕೈ ಮುರ್ಯಾಕ ಬಂದಿಲ್ಲ," ಎಂದನಂತೆ.

"ದಾರ ಆದ್ರೂ ಕಟ್ರಿ, ಕೈ ಬರಿದ ಬಿಡಬ್ಯಾಡ್ರಿ ಅಂದೆ," ಎಂದಳು ಚಮನಬೀ. "ಈ ಸಲ ದಾರ ಬ್ಯಾಡ ಅಂದ್ರು. ಒಂದೊಂದ ತೆಗದು, ಹೊಳ್ಳಿ ಉಸರ ತಗೊಂಡು, ಮತ್ತ ಒಂದ ತೆಗದ್ರು. ಚಾಳಿ ಬಿಟ್ಟಾರೇನ? ತೆಗದಿದ್ದೆಲ್ಲಾ ತಮ್ಮ ಎಡಗೈ ಬೆರಳಿಗೇ ಏರಿಸಿದ್ರು. ಬೆರಳೇನ ಉಳದಿದ್ವು ಅವ್ರವು, ಬರೇ ಎಲುಬು. ಎಲ್ಲಾ ಜಾರಿ ಮಣಿಕಟ್ಟಿಗಿ ಹೋಗಿ ಕುಂತ್ವು. ತೆಗೀತೀನಿ ಅಂದೆ. ಇರಲಿ ಅಂದ್ರು. 'ಐವತ್ತ ವರ್ಷ ನೀ ಹೊತ್ತಿ, ಎರಡ ದಿನ ನಾ ಹೊರ್ತೀನಿ,' ಅಂದ್ರು. ಆಮ್ಯಾಲ ಮಾತ ನಿಂತ್ವು. ಮಾತ ನಿಂತ ಮ್ಯಾಲ ನಾ ಅವರ ಮಾತ ಮೀರಿ ತೆಗೀಲಿ ಹ್ಯಾಂಗ?"

"ಮತ್ತ ಯಾಕ ಹೇಳಲಿಲ್ಲ ಅಮ್ಮೀ?" ಎಂದಳು ಫಿರ್ದೌಸ್. "ನಾ ಅಷ್ಟ ಕೇಳಿದೆ, ಫುಪ್ಪು ಅಷ್ಟ ಬೈದ್ಲು. ಬಾಯಿ ಬಿಟ್ಟಿದ್ರ ಏನಾಗ್ತಿತ್ತು?"

ಚಮನಬೀ ತಲೆಯೆತ್ತಿ ಮಗಳನ್ನು ನೋಡಿದಳು. ಇಷ್ಟೂ ತಿಳಿಯದೆ ಎನ್ನುವಂತೆ.

"ನಸೀರುದ್ದೀನ ಬಳಿ ಇಟ್ಕೊಂಡಾನ ಅಂತಿದ್ರು ಊರ ಮಂದಿ. ಸಾಯೂ ಗಂಡಸ್ನ ಕಿವಿಗಿ ಅದ ಬೀಳಬೇಕಾ? ನನಗ ಏನಾದ್ರೂ ಅನ್ಲಿ. ಉಸರ ಹೋದ ಮ್ಯಾಲ ಯಾರಿಗೂ ಕಾಣದಂಗ ತೆಗದ ಇಡೋಣು ಅಂದ್ಕೊಂಡಿದ್ದೆ. ನೀವ ಬಿಡಲಿಲ್ಲ."

ಫಿರ್ದೌಸ್ ತನ್ನ ಕೈ ನೋಡಿಕೊಂಡಳು. ಬೆಳಗ್ಗೆ ಅಮ್ಮನ ರಟ್ಟೆಯನ್ನು ಹಿಡಿದಿದ್ದ ಕೈ.

ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವಳು ಫುಪ್ಪು. ಅವಳು ಗೋಡೆ ಹಿಡಿದುಕೊಂಡು ನಿಂತಿದ್ದಳು. "ನಮ್ಮ ಅಮ್ಮಾನ ಕೈ," ಎಂದಳು. ಫಿರ್ದೌಸ್‌ಗೆ ದಾದಿಯ, ಅಪ್ಪನ ತಾಯಿಯ, ಬಲಗೈ ನೆನಪಿತ್ತು. ಸೆಟೆದ ಕೈ. ರೊಟ್ಟಿ ಬಡಿಯಲು ಬಾರದ ಕೈ. ಹುಟ್ಟಿನಿಂದಲೇ ಹಾಗೆ ಎಂದು ಮಕ್ಕಳಿಗೆಲ್ಲ ಹೇಳಿದ್ದರು. "ಹುಟ್ಟಿದಾಗಿಂದ ಅಲ್ಲ. ನಮ್ಮ ಅಬ್ಬಾ ಹೋದ ದಿನ ಬಳಿ ಒಡೆಯೂವಾಗ ಗಾಜು ಒಳಗ ಹೋಗಿ ನರ ಕಡೀತು. ಅಮ್ಮಾ ಒದ್ದಾಡ್ತಿದ್ಲು. ಗಟ್ಟಿ ಹಿಡಿ ಅಂದ್ರು. ಆ ಕೈ ಹಿಡಿದಾಕಿ ನಾನ. ಇವ, ನನ್ನ ತಮ್ಮ, ಕಂಬದ ಹಿಂದ ನಿಂತು ನೋಡ್ತಿದ್ದ. ಸಣ್ಣಾವ. ಮರತಾನ ಅಂದ್ಕೊಂಡಿದ್ದೆ."

ಗುಂಡುಕಲ್ಲು ಹಿಡಿದವಳು ಅದನ್ನು ಮೆಲ್ಲಗೆ ಗೋಡೆಯ ಬುಡದಲ್ಲಿಟ್ಟಳು.

ಹೆಂಡತಿ ಗಂಡನ ಮೈಯನ್ನು ಮುಟ್ಟಬಹುದೆ ಎಂದು ಯಾರೋ ಗುಸುಗುಟ್ಟಿದರು. ಪರದೆಯ ಒಳಗಿಂದ ಜಾಹೀದ್ ಸಾಬರು, "ಬೀಬಿಗಿ ಹಕ್ಕು ಐತಿ. ಬರ್ರಿ ಅಮ್ಮಾ," ಎಂದು ದಾರಿ ಬಿಟ್ಟು ತಾವು ಹೊರಬಂದರು. ಚಮನಬೀ ಸಾಬೂನು ಕೇಳಿದಳು. ಪರದೆಯ ಅಂಚನ್ನು ಹಿಡಿದು ಬಾಗಿಲಂತೆ ನಿಂತವಳು ಫಿರ್ದೌಸ್. ಅಪ್ಪನ ಮೈಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಹೊರಗಿದ್ದದ್ದು ಎಡಗೈ ಒಂದೇ. ಕಡ್ಡಿಯಂತಾದ ಆ ಗಂಡಸಿನ ಕೈಯಲ್ಲಿ ಕಡುಹಸಿರು ಬಳೆಗಳು ಒತ್ತೊತ್ತಾಗಿ ಕೂತಿದ್ದವು. ನಗುವವರು ಅಲ್ಲಿ ಯಾರೂ ಇರಲಿಲ್ಲ.

ಬಳೆ ಇಡಿಸಿಕೊಂಡೇ ಬದುಕು ಕಳೆದವಳು ಚಮನಬೀ. ಇನ್ನೊಬ್ಬರ ಕೈಯಿಂದ ಬಳೆ ತೆಗೆದವಳಲ್ಲ. ಆದರೂ ಸಾಬೂನಿನ ನೊರೆ ಹಚ್ಚಿ, ಸೆಟೆದ ಹೆಬ್ಬೆರಳನ್ನು ನೀವಿ ನೀವಿ ಅಂಗೈಯೊಳಗೆ ಮಡಚಿ, ಅವನು ಮಾಡುತ್ತಿದ್ದ ಹಾಗೆಯೇ ಬಳೆಯನ್ನು ತುಸು ವಾರೆ ಮಾಡಿ ಎಳೆದಳು. ಬಂತು. ಅದನ್ನು ನೆಲಕ್ಕಿಡಲಿಲ್ಲ. ತನ್ನ ಎಡಗೈ ಬೆರಳುಗಳಿಗೆ ಏರಿಸಿಕೊಂಡಳು. ಇನ್ನೊಂದು ತೆಗೆದಳು. ಅಂಗಳದಲ್ಲಿ ಅಷ್ಟು ಜನರಿದ್ದರೂ ಗಾಜಿಗೆ ಗಾಜು ತಾಕುವ ಸದ್ದೊಂದೇ ಕೇಳುತ್ತಿತ್ತು. ಕಡೆಯ ಬಳೆಗೆ ಬಂದಾಗ ಕೈ ನಿಲ್ಲಿಸಿ ಸುತ್ತ ನೋಡಿದಳು.

"ಏನ ಬೇಕು ಅಮ್ಮೀ?"

"ದಾರ. ಕೈ ಬರಿದ ಬಿಡಬಾರದು."

ಫಿರ್ದೌಸ್ ಅಂಗಡಿಯತ್ತ ಓಡಬೇಕೆನ್ನುವಷ್ಟರಲ್ಲಿ ಹಿಂದೆ ಬಟ್ಟೆ ಹರಿದ ಸದ್ದಾಯಿತು. ಫುಪ್ಪು ತನ್ನ ಚೀಲದಿಂದ ಬಿಳಿ ಸೀರೆ ತೆಗೆದು, ಅಂಚಿನಿಂದ ಒಂದು ಬೆರಳಷ್ಟು ಅಗಲದ ಪಟ್ಟಿ ಹರಿದಿದ್ದಳು. ಅದನ್ನು ಪರದೆಯ ಒಳಗೆ ಚಾಚಿದಳು.

"ತಗೋ ದುಲ್ಹನ್."

ಚಮನಬೀ ಅದನ್ನು ಗಂಡನ ಮಣಿಕಟ್ಟಿಗೆ ಕಟ್ಟಿದಳು. ಆಮೇಲೆ ಕಡೆಯ ಬಳೆ ತೆಗೆದಳು. ಎರಡೂ ಕೈಗಳಿಂದ ಆ ಮಣಿಕಟ್ಟನ್ನು ಮುಟ್ಟಿ, ಗಿರಾಕಿಗೆ ಅವನು ಮಾಡುತ್ತಿದ್ದ ಸಲಾಮನ್ನು ಅವನಿಗೆ ಮಾಡಿದಳು.

ಅವಳ ಎಡಗೈ ಬೆರಳಲ್ಲಿ ಬಳೆಗಳ ರಾಶಿ ಇತ್ತು. ಅಂಗೈಯಿಂದ ಅವನ್ನು ಮೆಲ್ಲಗೆ ಹಿಂದಕ್ಕೆ ನೂಕಿ ನೋಡಿದಳು. ಬಾತ ಗೆಣ್ಣಿನವರೆಗೆ ಬಂದು ಅಲ್ಲಿಯೇ ನಿಂತವು. ಇನ್ನೊಂದು ಸಲ ನೂಕಿದಳು. ಆಮೇಲೆ ಹಲಗೆಯ ಮೇಲೆ ಮಲಗಿದವನ ಕಿವಿಯ ಹತ್ತಿರ ಬಾಗಿ, ದಿನಾ ಮಾತಾಡುವ ದನಿಯಲ್ಲೇ ಹೇಳಿದಳು:

"ಇನ್ನ ಮುಂದ ಹೋಗೂದಿಲ್ರಿ."